ಅಡವಿನ ಮಾಲು ಮಾರಿದವರಿಗೆ ಜೈಲೇಕೆ?

ಸಾಲಕ್ಕೆ ಆಧಾರವಾಗಿ ತೋರಿಸಿದ ಮಾಲನ್ನು ಗುಟ್ಟಾಗಿ ಮಾರಿಕೊಂಡವರಿಗೆ ಜೈಲು ಶಿಕ್ಷೆ ಇರಬೇಕೆಂದರೆ ಸಾಕು, ‘ಬಡವರನ್ನು ಸಾಲಕ್ಕಾಗಿ ಸೆರೆಗೆ ತಳ್ಳುತ್ತೀರಾ?’ ಎಂದು ಕೇಳುತ್ತಾರೆ. ಈ ಭಯಕ್ಕೆ ಕಾರಣವಿದೆ. ಆದರೆ ಸುಪ್ರೀಂ ಕೋರ್ಟ್ 1980ರಲ್ಲೇ, ಬ್ಯಾಂಕ್ ಆಫ್ ಕೊಚಿನ್ ಪ್ರಕರಣದಲ್ಲಿ, ಇದಕ್ಕೆ ಉತ್ತರ ಕೊಟ್ಟಿದೆ. ಕೈಯಲ್ಲಿ ಕಾಸಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಬಂಧಿಸುವಂತಿಲ್ಲ, ದುರುದ್ದೇಶ ಕಾಣಬೇಕು ಎಂದರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ನಾನು ಕೇಳುತ್ತಿರುವುದೂ ದುರುದ್ದೇಶಕ್ಕೆ ಶಿಕ್ಷೆ. ಮಳೆ ಕೈಕೊಟ್ಟು ಕಂತು ತಪ್ಪಿದ ರೈತ ಇದರಲ್ಲಿ ಬರುವುದೇ ಇಲ್ಲ.

‘ಆಧಾರದ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಂಡು ಮಾರಲು ಸರ್ಫೇಸಿ ಕಾಯ್ದೆ ಇದೆಯಲ್ಲ, ಹರಾಜು ಹಾಕಲಿ’ ಎನ್ನುವವರು ಒಮ್ಮೆ ಗೋದಾಮಿನೊಳಗೆ ಬರಬೇಕು. ಸಾಲಗಾರ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಸಾವಿರಾರು ಮೂಟೆ ಅಕ್ಕಿ ಇರುತ್ತದೆ. ಬಾಗಿಲ ಬಳಿಯ ಸಾಲಿನಲ್ಲಿ ಅಕ್ಕಿಯೇ ಇದೆ. ಹಿಂದಿನ ಸಾಲಿನ ಮೂಟೆಗೆ ಸಲಾಕೆ ಚುಚ್ಚಿದರೆ ಉದುರುವುದು ಬತ್ತದ ಹೊಟ್ಟು. ಹರಾಜು ಹಾಕುವುದೇನನ್ನು?

‘ಇರುವ ಕಾನೂನೇ ಸಾಕು’ ಎಂಬುದು ವಿರೋಧಿಸುವವರ ಗಟ್ಟಿ ವಾದ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚನೆಗೆ 7 ವರ್ಷದವರೆಗೆ ಶಿಕ್ಷೆಯಿದೆ, ನಿಜ. ಆದರೆ ಸಾಲ ಪಡೆಯುವಾಗಲೇ ಮೋಸದ ಉದ್ದೇಶವಿತ್ತೆಂದು ಸಾಬೀತಾಗಬೇಕು. ಸಾಲ ಪಡೆದು ಎರಡು ವರ್ಷದ ಮೇಲೆ ಮನಸ್ಸು ಕೆಟ್ಟು ಮಾಲು ಸಾಗಿಸಿದವನು ಇಲ್ಲಿ ನುಣುಚಿಕೊಳ್ಳುತ್ತಾನೆ. ನಂಬಿಕೆ ದ್ರೋಹದ ಕೇಸು ಹಾಕೋಣವೆಂದರೆ 1996ರ ಡಂಕನ್ಸ್ ಆಗ್ರೊ ತೀರ್ಪು ಅಡ್ಡ ಬರುತ್ತದೆ: ಮಾಲನ್ನು ಸಾಲಗಾರನ ಬಳಿಯೇ ಬಿಟ್ಟು ಅದರ ಆಧಾರದ ಮೇಲೆ ಸಾಲ ಕೊಡುವ ಹೈಪಾಥಿಕೇಷನ್‌ನಲ್ಲಿ ಮಾಲಿನ ಒಡೆತನ ಸಾಲಗಾರನದ್ದೇ, ಬ್ಯಾಂಕು ಅದನ್ನು ಅವನಿಗೆ ‘ಒಪ್ಪಿಸಿದ್ದು’ ಅಲ್ಲ. ಇನ್ನು ಆಸ್ತಿ ಬಚ್ಚಿಡುವವರಿಗೆಂದು ಇರುವ 320ನೇ ಕಲಮಿನಲ್ಲಿ ಗರಿಷ್ಠ ಶಿಕ್ಷೆ 2 ವರ್ಷ. ಅದೂ ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಸಂಜ್ಞೇಯ ಅಪರಾಧ.

ಬ್ಯಾಂಕಿನವರೂ ಶಾಮೀಲಾಗಿರುತ್ತಾರೆ ಎನ್ನುತ್ತಾರೆ. ಹಾಗಿದ್ದರೆ ಅವರನ್ನೂ ಹಿಡಿಯಿರಿ. ಮಾಲಿನಲ್ಲಷ್ಟೇ ಅಲ್ಲ, ಆಸ್ತಿಯ ಅಡಮಾನದಲ್ಲೂ ಇಂಥ ಮೋಸವಿದೆ: ಮೂಲ ಕ್ರಯಪತ್ರ ಒಂದು ಬ್ಯಾಂಕಿನಲ್ಲಿರುವಾಗಲೇ ‘ಪತ್ರ ಕಳೆದಿದೆ’ ಎಂದು ಪೇಪರಿನಲ್ಲಿ ಜಾಹೀರಾತು ಕೊಟ್ಟು, ದೃಢೀಕೃತ ನಕಲಿನ ಮೇಲೆ ಇನ್ನೊಂದು ಕಡೆ ಸಾಲ ಎತ್ತುವವರಿದ್ದಾರೆ. ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ 2011ರಿಂದ ಇದ್ದರೂ ಅದನ್ನು ತೆರೆದು ನೋಡದ ಮ್ಯಾನೇಜರ್ ಉತ್ತರ ಕೊಡಲೇಬೇಕು. ಅವನ ಉದಾಸೀನದಿಂದ ಮೋಸ ಮಾಡಿದವನ ತಪ್ಪು ಹಗುರಾಗುವುದಿಲ್ಲ.

ಬ್ಯಾಂಕಿನ ನಷ್ಟ ನಮಗೇಕೆ ಎಂಬ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ನಮ್ಮ ಊರುಗಳ ಪತ್ತಿನ ಸಹಕಾರ ಸಂಘಗಳ ಠೇವಣಿಗೆ 5 ಲಕ್ಷ ರೂಪಾಯಿಯ ಠೇವಣಿ ವಿಮೆಯೂ ಇಲ್ಲ. ಅಡವಿನ ಮಾಲು ಮಾಯವಾದರೆ ಮುಳುಗುವುದು ನಿವೃತ್ತ ಮೇಷ್ಟರ ಗ್ರಾಚ್ಯುಟಿ ಹಣ. ಜಾಮೀನು ಹಾಕಿದ ಸಹೋದ್ಯೋಗಿಯ ಸಂಬಳಕ್ಕೂ ಕತ್ತರಿ ಬೀಳುತ್ತದೆ.

ಹೈಪಾಥಿಕೇಷನ್ ಮಾಲನ್ನು ವ್ಯಾಪಾರದಲ್ಲಿ ಮಾರಿ ಹಣವನ್ನು ಸಾಲದ ಖಾತೆಗೆ ಕಟ್ಟುವವರಿಗೆ ಯಾವ ತೊಂದರೆಯೂ ಬೇಡ. ಗೊತ್ತಿದ್ದೂ ಮಾಲು ಸಾಗಿಸಿ, ಬಂದ ಹಣ ಬಚ್ಚಿಟ್ಟು, ಸುಳ್ಳು ಲೆಕ್ಕ ಕೊಟ್ಟವರಿಗೆ ಒಂದು ಪ್ರತ್ಯೇಕ, ಸ್ಪಷ್ಟ ಕಲಮು ಬರಲಿ. ಸಾಬೀತುಪಡಿಸುವ ಹೊಣೆ ಪೂರ್ತಿ ಸರ್ಕಾರಿ ವಕೀಲರದ್ದೇ ಆಗಿರಲಿ.