ಔಷಧಿಗೆ ಕೊಟ್ಟವರು ಔಷಧಿ ತಲುಪಿಸುವವರಿಗೂ ಕೊಡಿ

ದತ್ತಿನಿಧಿಗಳು, ಕಂಪನಿಗಳ ಸಿ.ಎಸ್.ಆರ್. (ಸಾಮಾಜಿಕ ಹೊಣೆಗಾರಿಕೆ) ಸಮಿತಿಗಳು, ಊರಿನ ಹಾಗೂ ಪರದೇಶದ ದಾನಿಗಳಲ್ಲಿ ಒಂದು ಮನವಿ

ದಾನ ಕೊಡುವುದರಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದಿಲ್ಲ. ಶಾಲೆಗೆ ಕೊಠಡಿ, ಆಸ್ಪತ್ರೆಗೆ ಆಂಬುಲೆನ್ಸ್, ಊರಿಗೆ ಶುದ್ಧ ನೀರಿನ ಘಟಕ ಎಂದು ಕೇಳಿದರೆ ಕೈ ತಾನಾಗಿ ಮುಂದೆ ಬರುತ್ತದೆ. ಆದರೆ ಆ ಆಂಬುಲೆನ್ಸ್ ಓಡಿಸುವವನ ಸಂಬಳಕ್ಕೆ, ಆ ಘಟಕ ಕೆಟ್ಟಾಗ ರಿಪೇರಿ ಮಾಡುವವನ ಕೂಲಿಗೆ ಕೇಳಿದರೆ ಅದೇ ಕೈ ಹಿಂದೆ ಸರಿಯುತ್ತದೆ. ವಸ್ತು ಕೊಟ್ಟರೆ ಸೇವೆ, ಸಂಬಳ ಕೊಟ್ಟರೆ ದುಂದು ಎಂಬ ಲೆಕ್ಕ ನಮ್ಮಲ್ಲಿ ಬೇರೂರಿದೆ. ಈ ಲೆಕ್ಕ ತಪ್ಪು. ಅಶಕ್ತರಿಗೆ ಆಸರೆಯಾಗುವುದು ಅವರ ಮನೆಬಾಗಿಲಿಗೆ ಮತ್ತೆ ಮತ್ತೆ ಹೋಗುವ ಮನುಷ್ಯರು. ಅನುದಾನ ಮೊದಲು ಆ ಮನುಷ್ಯರನ್ನು ಉಳಿಸಿಕೊಳ್ಳಬೇಕು, ಅದೂ ಒಂದು ವರ್ಷದ ಮಟ್ಟಿಗಲ್ಲ, ಐದು ವರ್ಷದ ಭರವಸೆಯೊಂದಿಗೆ. ಹೀಗೆ ಹೇಳಲು ಆಧಾರ ಬೇಕಾದರೆ ಕುಷ್ಠರೋಗದ ಚರಿತ್ರೆಯನ್ನು ನೋಡಬಹುದು. ದಾನದ ಹಣ ಎಷ್ಟು ದೂರ ಹೋಗಬಲ್ಲದು, ಎಲ್ಲಿ ನಿಂತುಬಿಡುತ್ತದೆ ಎರಡನ್ನೂ ಅದು ತೋರಿಸುತ್ತದೆ.

ಭಾರತದ ಕುಷ್ಠಪೀಡಿತರಿಗಾಗಿ ಹೊರನಾಡಿನಲ್ಲಿ ಹಣ ಕೂಡಿಸುವ ಕೆಲಸ ಆರಂಭವಾಗಿ ಒಂದೂವರೆ ಶತಮಾನ ಕಳೆದಿದೆ. ಅಂಬಾಲಾದಲ್ಲಿ ರೋಗಿಗಳ ಪಾಡು ಕಂಡ ವೆಲ್ಲೆಸ್ಲಿ ಬೇಲಿ ಎಂಬವರು ಐರ್ಲೆಂಡಿಗೆ ಮರಳಿ 1874ರಲ್ಲಿ ಕಟ್ಟಿದ ಸಂಸ್ಥೆಯೇ ಇಂದಿನ ಲೆಪ್ರಸಿ ಮಿಷನ್. ಆಗ ಕೊಡಲು ಇದ್ದದ್ದು ಆಶ್ರಯ ಮತ್ತು ಅನ್ನ ಮಾತ್ರ. ರೋಗ ಗುಣಪಡಿಸುವ ಔಷಧಿ ಇರಲಿಲ್ಲ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂ.ಡಿ.ಟಿ. ಎಂಬ ಬಹು ಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಔಷಧಿ ಸಿಕ್ಕಿತು, ಆದರೆ ಅದನ್ನು ಕೊಳ್ಳುವ ಶಕ್ತಿ ಅದು ಬೇಕಾದವರಿಗೆ ಇರಲಿಲ್ಲ. 1995ರಿಂದ 1999ರವರೆಗೆ ಜಪಾನಿನ ನಿಪ್ಪಾನ್ ಫೌಂಡೇಶನ್ 5 ಕೋಟಿ ಡಾಲರ್ ಕೊಟ್ಟು ಜಗತ್ತಿನ ಎಲ್ಲ ರೋಗಿಗಳಿಗೂ ಈ ಔಷಧಿ ಉಚಿತವಾಗಿ ಸಿಗುವಂತೆ ಮಾಡಿತು. 2000ದಿಂದ ನೊವಾರ್ಟಿಸ್ ಕಂಪನಿ ಔಷಧಿಯನ್ನು ದಾನವಾಗಿ ಕೊಡುತ್ತಿದೆ. ಭಾರತದಲ್ಲಿ 1983ರಲ್ಲಿ ಪ್ರತಿ 10,000 ಜನರಿಗೆ 57ಕ್ಕೂ ಹೆಚ್ಚು ರೋಗಿಗಳಿದ್ದರು. 2005ರ ಡಿಸೆಂಬರ್ ಹೊತ್ತಿಗೆ ಆ ಪ್ರಮಾಣ 1ಕ್ಕಿಂತ ಕೆಳಗೆ ಇಳಿಯಿತು. ಸರ್ಕಾರದ ದುಡಿಮೆ, ವಿಶ್ವ ಬ್ಯಾಂಕಿನ ನೆರವು, ವಾರ್ಧಾದ ಗಾಂಧಿ ಸ್ಮಾರಕ ಕುಷ್ಠರೋಗ ಪ್ರತಿಷ್ಠಾನದಂಥ ನಮ್ಮವೇ ಸಂಸ್ಥೆಗಳು, ದೂರದ ಜಪಾನಿನ ದಾನಿಗಳು, ಎಲ್ಲರೂ ಸೇರಿ ಎಳೆದ ತೇರು ಅದು. ದಾನದಿಂದ ಏನೂ ಬದಲಾಗುವುದಿಲ್ಲ ಎನ್ನುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಆದರೂ ಕೆಲಸ ಮುಗಿದಿಲ್ಲ. 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಹೊಸ ರೋಗಿಗಳು ಸುಮಾರು 1 ಲಕ್ಷ 74 ಸಾವಿರ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಔಷಧಿ ಉಚಿತ, ಆರು ತಿಂಗಳಿಂದ ಒಂದು ವರ್ಷ ತೆಗೆದುಕೊಂಡರೆ ರೋಗ ವಾಸಿ. ಹಾಗಿದ್ದರೂ ರೋಗ ಉಳಿದದ್ದೇಕೆ? ಕುಷ್ಠದ ಮಚ್ಚೆ ನೋಯುವುದಿಲ್ಲ, ತುರಿಸುವುದಿಲ್ಲ. ನೋವಿಲ್ಲದ್ದಕ್ಕೆ ದಿನಗೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರು ಯಾರು? ಕುಷ್ಠವೆಂದು ಹೇಳಿಯಾರೆಂಬ ಭಯವೂ, ಊರು ಏನೆಂದೀತು ಎಂಬ ನಾಚಿಕೆಯೂ ಸೇರಿ ಮಚ್ಚೆ ಸೀರೆಯ ಸೆರಗಿನ ಅಡಿಯಲ್ಲೇ ಉಳಿಯುತ್ತದೆ. ಯಾರಾದರೂ ಹುಡುಕಿಕೊಂಡು ಹೋಗಿ, ವಿಶ್ವಾಸ ಗಳಿಸಿ, ಸ್ಪರ್ಶ ತಿಳಿಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಬೇಕು. ಹುಡುಕಿದರೆ ಸಿಗುತ್ತಾರೆ ಎಂಬುದಕ್ಕೆ 2016ರಲ್ಲಿ ಹಲವು ರಾಜ್ಯಗಳಲ್ಲಿ ನಡೆದ ಮನೆಮನೆ ತಪಾಸಣೆಯೇ ಪುರಾವೆ: 30 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು. ರೋಗಾಣು ದೇಹ ಹೊಕ್ಕ ಮೇಲೆ ಲಕ್ಷಣ ಕಾಣಲು ಸರಾಸರಿ ಐದು ವರ್ಷ ಬೇಕು, ಕೆಲವರಲ್ಲಿ ಇಪ್ಪತ್ತು. ವಾಸಿಯಾದ ಮೇಲೂ ಸತ್ತ ನರ ಮರಳಿ ಜೀವ ಪಡೆಯುವುದು ಕಷ್ಟ. ಜೋಮು ಹಿಡಿದ ಪಾದಕ್ಕೆ ಮುಳ್ಳು ಚುಚ್ಚಿದ್ದು ಗೊತ್ತಾಗದೆ ಹುಣ್ಣಾಗುತ್ತದೆ, ಹುಣ್ಣು ಮೂಳೆಗಿಳಿದರೆ ಬೆರಳು ಹೋಗುತ್ತದೆ. ದಿನವೂ ಕಾಲು ನೆನೆಸಿ, ಗಟ್ಟಿ ಚರ್ಮ ಉಜ್ಜಿ ತೆಗೆದು, ಎಣ್ಣೆ ಹಚ್ಚಿ, ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಹಾಕಿಕೊಳ್ಳುವುದನ್ನು ಕಲಿಸಿದರೆ ಆ ಬೆರಳು ಉಳಿಯುತ್ತದೆ. ಇದು ಒಂದು ಸಲ ಹೇಳಿಬಂದರೆ ಆಗುವ ಪಾಠವಲ್ಲ. ಇಷ್ಟು ನಿಧಾನದ ರೋಗಕ್ಕೆ ನಾವು ಕೊಡುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಅನುದಾನ. ಜನರನ್ನು ನೇಮಿಸಿ, ತರಬೇತಿ ಕೊಟ್ಟು, ಊರಿನವರು ಅವರನ್ನು ಹೆಸರು ಹಿಡಿದು ಕರೆಯುವ ಹೊತ್ತಿಗೆ ಅಂತಿಮ ವರದಿ ಸಲ್ಲಿಸುವ ದಿನ ಬಂದಿರುತ್ತದೆ. ಮರುವರ್ಷ ಹಣ ಬಾರದಿದ್ದರೆ ಕಲಿತವರು ಬೇರೆ ಕೆಲಸ ಹಿಡಿಯುತ್ತಾರೆ, ರೋಗಿಯ ಗುರುತು ಗೊತ್ತಿದ್ದವರು ಯಾರೂ ಉಳಿಯುವುದಿಲ್ಲ.

ದಾನಿಗಳ ಮೊದಲ ಆಕ್ಷೇಪ: ನಾವು ಕೊಟ್ಟ ಹಣ ಬಡವರಿಗೆ ಹೋಗಬೇಕೇ ಹೊರತು ಸಂಸ್ಥೆಯವರ ಸಂಬಳಕ್ಕಲ್ಲ, ಕಾನೂನೂ ಅದನ್ನೇ ಹೇಳುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ಆಡಳಿತ ವೆಚ್ಚ ಶೇ. 5 ಮೀರಬಾರದು. ಈ ಶೇ. 5 ಅನ್ವಯಿಸುವುದು ಕಂಪನಿ ತನ್ನ ಸಿ.ಎಸ್.ಆರ್. ವಿಭಾಗವನ್ನು ನಡೆಸುವ ಖರ್ಚಿಗೆ. ಯೋಜನೆ ರೂಪಿಸಲು, ಜಾರಿ ಮಾಡಲು, ಮೇಲ್ವಿಚಾರಣೆಗೆ ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರುವುದಿಲ್ಲ ಎಂದು ನಿಯಮದಲ್ಲೇ ಬರೆದಿದೆ. ಹಳ್ಳಿಗೆ ಹೋಗುವ ಆರೋಗ್ಯ ಕಾರ್ಯಕರ್ತೆಯ ಸಂಬಳ ಯೋಜನೆಯ ವೆಚ್ಚವೇ. ವಿದೇಶಿ ದೇಣಿಗೆಯ ಕಾಯ್ದೆ 2020ರ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು, ನಿಜ. ಅಲ್ಲಿಯೂ ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳವನ್ನು ಆಡಳಿತ ವೆಚ್ಚವೆಂದು ಎಣಿಸುವುದಿಲ್ಲ. ಕಾನೂನು ಬಿಟ್ಟುಕೊಟ್ಟದ್ದನ್ನು ಸಮಿತಿಗಳು ತಡೆಹಿಡಿಯುತ್ತಿವೆ. ಸಿ.ಎಸ್.ಆರ್. ನಿಯಮ ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷದವರೆಗೆ ನಡೆಯುವ ಯೋಜನೆಗೂ ಅವಕಾಶ ಕೊಟ್ಟಿದೆ. ಅಷ್ಟನ್ನಾದರೂ ಬಳಸಿಕೊಂಡು, ಅವಧಿ ಮುಗಿಯುವ ಮೊದಲೇ ಮುಂದಿನ ಹಂತಕ್ಕೆ ಒಪ್ಪಿಗೆ ಕೊಡಬಹುದು.

ಇದೆಲ್ಲ ಸರ್ಕಾರದ ಕೆಲಸವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೌದು, ಸರ್ಕಾರದ ಕೆಲಸ. ಅದರ ಹೊಣೆಯನ್ನು ಕಡಿಮೆ ಮಾಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಪ್ರಮಾಣ 1ಕ್ಕಿಂತ ಕೆಳಗಿಳಿದದ್ದನ್ನೇ ನಿರ್ಮೂಲನೆ ಎಂದು ಘೋಷಿಸಿದ ನಂತರ ರೋಗವೇ ಹೋಯಿತು ಎಂಬ ಭಾವನೆ ಹರಡಿ, ಕುಷ್ಠದ ಮೇಲಿದ್ದ ಗಮನ ಸಡಿಲಗೊಂಡಿತು. ಕೆಲಸ ಅಷ್ಟರಲ್ಲಿ ಸಾಮಾನ್ಯ ಆರೋಗ್ಯ ವ್ಯವಸ್ಥೆಗೆ ಸೇರಿತ್ತು. ಈಗಾಗಲೇ ಹತ್ತು ಹೊರೆ ಹೊತ್ತ ಆಶಾ ಕಾರ್ಯಕರ್ತೆಯ ಮೇಲೆ ಹನ್ನೊಂದನೆಯದು ಬಿತ್ತು. ಅನುದಾನದ ಜಾಗ ಇರುವುದು ಅಲ್ಲಿ, ಸರ್ಕಾರದ ಪಕ್ಕದಲ್ಲಿ. ಹಾಗೆ ಪಕ್ಕದಲ್ಲಿ ನಿಲ್ಲುವುದು ಹೇಗೆಂದು ನಮ್ಮ ರಾಜ್ಯದಲ್ಲೇ ನೋಡಿದ್ದೇವೆ: ಶಾಲಾ ಮಕ್ಕಳಿಗೆ ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಲು ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಗೂ ಹೆಚ್ಚಿನ ನೆರವಿಗೆ ಒಪ್ಪಿತು. ಮೂರು ವರ್ಷದ ಆ ಮಾತೇ ಅದರ ಬಲ.

ಇನ್ನು ಗಡಿಯ ವಿಚಾರ. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ. ರಾಯಚೂರು, ಯಾದಗಿರಿ ಹಿಂದುಳಿದಿರುವಾಗ ಹೊರದೇಶದ ಚಿಂತೆ ಯಾಕೆ ಎಂದು ಕೇಳುತ್ತಾರೆ. ಸಿ.ಎಸ್.ಆರ್. ಹಣವನ್ನು ಇಂಥ ಕೆಲಸಕ್ಕೆ ದೇಶದಾಚೆ ವೆಚ್ಚ ಮಾಡಲು ಹೇಗೂ ಬರುವುದಿಲ್ಲ, ಹಾಗಾಗಿ ಕಂಪನಿಗಳಿಗೆ ಈ ಪ್ರಶ್ನೆ ಏಳುವುದಿಲ್ಲ. ಆದರೆ ವಿದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಎರಡೂ ಕಡೆ ಕೊಡುವ ದಾರಿಯಿದೆ. ನೇಪಾಳದ ತರಾಯಿಯ ಲಾಲ್‌ಗಢ ಕುಷ್ಠರೋಗ ಆಸ್ಪತ್ರೆ ನಡೆಯುವುದು ಹೆಚ್ಚಾಗಿ ಹೊರನಾಡಿನ ದಾನಿಗಳ ಹಣದಿಂದ; ಅಲ್ಲಿಗೆ ನಮ್ಮ ಬಿಹಾರದಿಂದಲೂ ರೋಗಿಗಳು ಗಡಿ ದಾಟಿ ಹೋಗುತ್ತಾರೆ. ಆ ಆಸ್ಪತ್ರೆಗೆ ಕೊಟ್ಟ ಹಣವನ್ನು ಹೊರಗಿನವರಿಗೆ ಕೊಟ್ಟದ್ದು ಎನ್ನುವುದೋ ನಮ್ಮವರಿಗೆ ಕೊಟ್ಟದ್ದು ಎನ್ನುವುದೋ? ಜಪಾನಿನವರು ತಮ್ಮ ಮನೆಯನ್ನು ಪೂರ್ತಿ ಗೆದ್ದ ಮೇಲೆಯೇ ಕೊಡುತ್ತೇವೆ ಎಂದಿದ್ದರೆ ನಮ್ಮ ಲಕ್ಷಾಂತರ ಜನರಿಗೆ ಔಷಧಿ ಎಷ್ಟು ತಡವಾಗುತ್ತಿತ್ತೋ ಊಹಿಸಿ. ತವರಿನ ಕೆಲಸಕ್ಕೆ ಕೊಡುವವರೂ ಒಂದು ಮಾತು ತಿಳಿದಿರಲಿ: ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರರಾದವರು ವಿದೇಶಿ ದೇಣಿಗೆಗೆ ನೋಂದಾಯಿಸಿಕೊಂಡ ಸಂಸ್ಥೆಗೇ ಕೊಡಬೇಕು. 2020ರ ತಿದ್ದುಪಡಿಯ ನಂತರ ಅಂಥ ಸಂಸ್ಥೆ ಆ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಮೊದಲು ನಗರದ ದೊಡ್ಡ ಸಂಸ್ಥೆಯ ಮೂಲಕ ತಾಲೂಕಿನ ಸಣ್ಣ ಸಂಸ್ಥೆಗೆ ಹರಿಯುತ್ತಿದ್ದ ಹಣದ ದಾರಿ ಇದರಿಂದ ಮುಚ್ಚಿಹೋಯಿತು. ಆದ್ದರಿಂದ ತಾಲೂಕಿನ ಸಂಸ್ಥೆಗಳು ಉಳಿಯುವುದು ಇನ್ನು ಮುಂದೆ ಊರಿನ ದಾನಿಗಳು, ಇಲ್ಲಿನ ಟ್ರಸ್ಟುಗಳು, ಇಲ್ಲಿನ ಕಂಪನಿಗಳು ಕೊಡುವ ಹಣದಿಂದಲೇ.

ಕೊಟ್ಟ ಹಣ ಪೋಲಾದರೆ ಎಂಬ ಅಳುಕು ಸಹಜ. ಲೆಕ್ಕಪರಿಶೋಧನೆ ಆಗಲೇಬೇಕು, ಮೋಸ ಕಂಡರೆ ನಿಲ್ಲಿಸಲೇಬೇಕು. ಆದರೆ ಸಂಬಳಕ್ಕೆ ಶೇಕಡ ಎಷ್ಟು ಹೋಯಿತು ಎಂಬುದು ಮೋಸ ಹಿಡಿಯುವ ಅಳತೆಗೋಲಲ್ಲ. ಕುಷ್ಠದ ಕೆಲಸದಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಹೊಸದಾಗಿ ಪತ್ತೆಯಾದವರಲ್ಲಿ ಎಷ್ಟು ಮಂದಿಗೆ ಆಗಲೇ ಕಣ್ಣಿಗೆ ಕಾಣುವ ಅಂಗವೈಕಲ್ಯ ಬಂದಿತ್ತು? ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳಿದರೆ ಬೇಗ ಹುಡುಕುತ್ತಿದ್ದಾರೆ ಎಂದರ್ಥ, ಹಣ ಸರಿಯಾದ ಕಡೆ ಹೋಗಿದೆ ಎಂದರ್ಥ. ಪತ್ತೆಯಾದವರಲ್ಲಿ ಮಕ್ಕಳೆಷ್ಟು ಎಂದೂ ಕೇಳಿ; ಮಕ್ಕಳಲ್ಲಿ ರೋಗ ಕಂಡರೆ ಸೋಂಕು ಈಗಲೂ ಹರಡುತ್ತಿದೆ ಎಂದು ತಿಳಿಯಬೇಕು. ಬುದ್ಧಿಮಾಂದ್ಯ ಮಕ್ಕಳ ಶಾಲೆಗಾಗಲಿ, ಒಂಟಿ ವೃದ್ಧರ ಆರೈಕೆಗಾಗಲಿ ಇಂಥ ಎರಡು ಪ್ರಶ್ನೆಗಳನ್ನು ಆ ಕೆಲಸ ಬಲ್ಲವರ ಜೊತೆ ಕೂತು ಗೊತ್ತುಮಾಡಿಕೊಳ್ಳಬಹುದು.

ಟ್ರಸ್ಟಿನ ಸಭೆಯಲ್ಲಿ, ಕಂಪನಿಯ ಸಮಿತಿಯಲ್ಲಿ, ಪರದೇಶದ ಕನ್ನಡ ಸಂಘದಲ್ಲಿ ನಿಮಗೊಂದು ಕುರ್ಚಿ ಇದ್ದರೆ, ಮುಂದಿನ ಅರ್ಜಿ ಮೇಜಿಗೆ ಬಂದಾಗ ಮೂರು ತಿದ್ದುಪಡಿ ಸೂಚಿಸಿ. ಅವಧಿ ಐದು ವರ್ಷ ಇರಲಿ, ಕಾನೂನು ಅಷ್ಟಕ್ಕೆ ಬಿಡದಿದ್ದರೆ ಬಿಡುವಷ್ಟು ಪೂರ್ತಿ ಇರಲಿ. ಹಳ್ಳಿ ತಿರುಗುವವರ ಸಂಬಳ, ಬಸ್ಸಿನ ಖರ್ಚು ಮೊದಲ ಸಾಲಿನಲ್ಲಿ ಬರಲಿ. ಕಟ್ಟಡದ ಫೋಟೋ ಬದಲು ರೋಗಿಯ ಸ್ಥಿತಿ ತಿಳಿಸುವ ವರದಿ ಕೇಳಿ. ನೀವು ಸಭೆಗೆ ಹೋಗುವವರಲ್ಲದಿದ್ದರೆ ಈ ಕರಪತ್ರವನ್ನು ಹೋಗುವವರ ಕೈಗೆ ಕೊಡಿ.