ಕೊನೆಯ ಹಾಳೆಯ ನಕ್ಷೆ

ಭೂಗೋಳದ ತರಗತಿಯಲ್ಲಿ, ನೋಟುಪುಸ್ತಕದ ಕೊನೆಯ ಹಾಳೆಯ ಮೇಲೆ ಎಲ್ಲಿಯೂ ಇಲ್ಲದ ದೇಶವೊಂದರ ನಕ್ಷೆ ಬರೆಯುತ್ತಿದ್ದ ಹುಡುಗನನ್ನು ನಾನೊಮ್ಮೆ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅದು ನನ್ನ ತಪ್ಪು.

ಇಂಗ್ಲಿಷ್ ಲೇಖಕ ಟೋಲ್ಕಿನ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್' (1954–55) ಬರೆಯುವಾಗ ಮೊದಲು ನಕ್ಷೆ ಹಾಕಿಕೊಂಡು, ಕಥೆಯನ್ನು ಅದಕ್ಕೆ ಹೊಂದಿಸಿದರು. 1916ರ ಸೋಮ್ ಕದನದಲ್ಲಿ ಸಂದೇಶ ವಿಭಾಗದ ಅಧಿಕಾರಿಯಾಗಿದ್ದ ಅವರಿಗೆ, ಸೈನ್ಯದ ಹಣೆಬರಹವನ್ನು ನೆಲವೇ ಬರೆಯುತ್ತದೆಂಬುದು ತಿಳಿದಿತ್ತು. ಅವರ ಕಲ್ಪನೆಯ ಮೊರ್ಡಾರ್ ರಾಜ್ಯಕ್ಕೆ ಉತ್ತರ, ಪಶ್ಚಿಮ, ದಕ್ಷಿಣಗಳಲ್ಲಿ ಪರ್ವತಗಳೇ ಕೋಟೆ. ಅಲ್ಲಿನ ಸೈನ್ಯ ಪಶ್ಚಿಮಕ್ಕೆ ನುಗ್ಗಬೇಕಾದರೆ ಆಂಡುಯಿನ್ ಮಹಾನದಿಯನ್ನು ದಾಟಲೇಬೇಕು. ಆದ್ದರಿಂದಲೇ ನದೀತೀರದ ಆಸ್ಗಿಲಿಯಾತ್ ಎಂಬ ಹಾಳುನಗರಕ್ಕಾಗಿ ಅಷ್ಟು ಹೋರಾಟ. ಅದು ಕೈತಪ್ಪಿದೊಡನೆ ರಾಜಧಾನಿ ಮಿನಾಸ್ ತಿರಿತ್‌ಗೆ ಮುತ್ತಿಗೆ. ಮಾಂತ್ರಿಕರಿರುವ ಲೋಕದಲ್ಲಿಯೂ ಬೆಟ್ಟ ಬೆಟ್ಟವೇ, ಹೊಳೆ ಹೊಳೆಯೇ.

ಭೂಗೋಳವೆಂದರೆ ಈ 'ಏಕೆ'. ನಾನಾದರೋ ನದಿಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದೆ.

ನನ್ನ ಶಿಷ್ಯರಲ್ಲಿ ಇಂದು ಉಪಾಧ್ಯಾಯರಾಗಿರುವವರು ಅಂಥ ಹಾಳೆಯನ್ನು ಕಂಡರೆ ದಯವಿಟ್ಟು ಗದರಬೇಡಿ. "ನಿನ್ನ ರಾಜಧಾನಿ ಇಲ್ಲಿಯೇ ಏಕೆ? ಶತ್ರು ಯಾವ ದಾರಿಯಿಂದ ಬರುತ್ತಾನೆ?" ಎಂದು ಕೇಳಿರಿ. ಪಾಠ ಅಲ್ಲಿಂದಲೇ ಆರಂಭವಾಗುತ್ತದೆ. ಆ ಹುಡುಗ ಇದನ್ನು ಓದುತ್ತಿದ್ದರೆ, ಈ ಪ್ರಶ್ನೆಗಳು ಅವನಿಗೂ ಸಲ್ಲುತ್ತವೆ; ಬಹಳ ತಡವಾಗಿ.