ಯಾರ್ ಸಾರ್ ಕಮ್ಮಿ?

ತಮಿಳಿನಲ್ಲೂ ಕನ್ನಡದಲ್ಲೂ ಒಂದೇ ಅರ್ಥ ಕೊಡುವ ಪದಗಳಲ್ಲಿ ‘ಕಮ್ಮಿ’ ಒಂದು. ವೇಲಚೇರಿಗೆ ಬಂದ ಹೊಸದರಲ್ಲಿ ತರಕಾರಿ ಅಂಗಡಿಯಲ್ಲಿ ನನ್ನ ಮಾನ ಕಾಪಾಡಿದ ಪದ ಅದು. ಅದೇ ಪದ 2019ರಲ್ಲಿ ನಮ್ಮ ಅಪಾರ್ಟ್‌ಮೆಂಟಿನ 24 ಮನೆಯವರಿಗೂ ಟೋಪಿ ಹಾಕಿತು. ಆ ಪದ ಹೇಳಿದವನು ನಾನೇ.

ಆದದ್ದು ಇಷ್ಟು. ತಾರಸಿ ಸೋರುತ್ತಿತ್ತು, ಹೊರಗಿನ ಗಿಲಾವು ಉದುರುತ್ತಿತ್ತು. ಮೂರು ಕೊಟೇಶನ್ ಬಂದವು: 18 ಲಕ್ಷ, 17.25 ಲಕ್ಷ, ಮೂರನೆಯದು 11.5 ಲಕ್ಷ. ಸೆಕ್ರೆಟರಿ ಮೂರರದ್ದೂ ಕೊನೆಯ ಪುಟ ಮಾತ್ರ ತಿರುಗಿಸಿದರು. ಟ್ರೆಷರರ್ ಆಗಿದ್ದ ನಾನು ಕೇಳಿದೆ, “ಯಾರ್ ಸಾರ್ ಕಮ್ಮಿ?” ಹತ್ತು ನಿಮಿಷದಲ್ಲಿ ಮೀಟಿಂಗ್ ಮುಗಿದು ಕಾಫಿ ಬಂತು.

ಬ್ಯಾಂಕಿನಲ್ಲಿ ಐದು ಲಕ್ಷ ಸಾಲ ಕೇಳಿದವನ ಜಾತಕವನ್ನೆಲ್ಲ ಜಾಲಾಡುವ ನಾನು, ಹನ್ನೊಂದೂವರೆ ಲಕ್ಷದ ಕೆಲಸ ಕೊಡುವಾಗ ಆ ಮನುಷ್ಯನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ! ಶೇ. 40 ಅಡ್ವಾನ್ಸ್ ಕೊಟ್ಟೆವು. ಎರಡು ತಿಂಗಳಲ್ಲಿ ಕೆಲಸ ನಿಂತಿತು. ಒಂದು ಬೆಳಿಗ್ಗೆ ಆಫೀಸಿಗೆ ಹೊರಟಾಗ ಗೇಟಿನ ಹತ್ತಿರ ಏಳೆಂಟು ಜನ ಕೂತಿದ್ದರು. ನನ್ನ ಹೆಂಡತಿ ಜೊತೆ ಕನ್ನಡ ಮಾತಾಡಿದ್ದು ಕೇಳಿ ಅವರಲ್ಲೊಬ್ಬ ಎದ್ದು ಬಂದ. ರಾಯಚೂರು ಕಡೆಯ ಮೇಸ್ತ್ರಿ. “ಸಾಹೇಬ್ರ, ಮೂರು ವಾರದಿಂದ ಬಟವಾಡೆ ಆಗಿಲ್ರೀ. ಮಂದೀನ ಊರಿಂದ ಕರ್ಕೊಂಡು ಬಂದಾವ ನಾನು. ಅವ್ರಿಗೆ ಏನ್ ಹೇಳ್ಲಿ?” ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಆರೂವರೆ ಲಕ್ಷ ಉಳಿತಾಯ ಎಲ್ಲಿಂದ ಬರುತ್ತಿತ್ತು ಅನ್ನೋದು ಮಾತ್ರ ಆವತ್ತು ಅರ್ಥವಾಯಿತು.

ಕೊನೆಗೆ ಅವರ ಕೂಲಿ ನಾವೇ ಕೊಟ್ಟು, ಬೇರೆಯವರಿಂದ ಕೆಲಸ ಮುಗಿಸುವಷ್ಟರಲ್ಲಿ 21 ಲಕ್ಷ ದಾಟಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ. ರಿಪೇರಿ ಮಾಡಿ ನೋಡು ಅಂತಲೂ ಸೇರಿಸಬಹುದು.

ನಮ್ಮಂಥ ಅಸೋಸಿಯೇಶನ್‌ಗಳು ಈ ಚಾಳಿ ಕಲಿತದ್ದು ಸರ್ಕಾರದಿಂದ. ಟೆಂಡರಿನಲ್ಲಿ ಅತಿ ಕಡಿಮೆ ಹೇಳಿದವನಿಗೆ ಎಲ್-1 ಎಂದು ಹೆಸರು, ಕೆಲಸ ಅವನಿಗೆ. ಈ ಪದ್ಧತಿಯನ್ನು ಬರೀ ಬಯ್ಯುವುದು ಸರಿಯಲ್ಲ. ತಮಿಳುನಾಡಿನಲ್ಲಿ 1998ರಲ್ಲಿ, ನಮ್ಮ ಕರ್ನಾಟಕದಲ್ಲಿ 1999ರಲ್ಲಿ ಪಾರದರ್ಶಕತೆಯ ಕಾಯ್ದೆ ಬಂದದ್ದು ಸಾಹೇಬರು ತಮಗೆ ಬೇಕಾದವರಿಗೆ ಕೆಲಸ ಹಂಚುವುದನ್ನು ತಪ್ಪಿಸಲಿಕ್ಕೆ. ಅಂಕಿಗೆ ನೆಂಟಸ್ತಿಕೆ ಇಲ್ಲ, ಅದೇ ಅದರ ಗುಣ. ಆದರೆ ಅಂಕಿಗೆ ಕಣ್ಣೂ ಇಲ್ಲ. ಇದನ್ನು ಸರ್ಕಾರವೇ ಒಪ್ಪಿತು ಅನ್ನಬೇಕು. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್ 29ರಂದು ಹೊರಡಿಸಿದ ಸೂಚನೆಗಳಲ್ಲಿ, ಗುಣಮಟ್ಟ ಮುಖ್ಯ ಎಂದು ಗುರುತಿಸಿದ ಕಾಮಗಾರಿಗಳಲ್ಲಿ ದರದ ಜೊತೆ ಗುಣಕ್ಕೂ ಶೇ. 30ರವರೆಗೆ ತೂಕ ಕೊಡಬಹುದು ಎಂದಿತು.

ಮುಖ್ಯ ಕಂಟ್ರಾಕ್ಟರ್ ನಡುವೆ ನಿಂತರೆ ಏನಾಗುತ್ತದೆ ಅಂತ ಚೆನ್ನೈಯವರಿಗೆ ಗೊತ್ತು. ಮೆಟ್ರೋ ಮೊದಲ ಹಂತದಲ್ಲಿ ಅಣ್ಣಾ ಸಾಲೈ ಕೆಳಗಿನ ಸುರಂಗ ಒಂದು ಭಾರತೀಯ ಕಂಪನಿ ಮತ್ತು ಒಂದು ರಷ್ಯನ್ ಕಂಪನಿಯ ಜಂಟಿ ಗುತ್ತಿಗೆಗೆ ಹೋಗಿತ್ತು. 2015ರಲ್ಲಿ ಆ ಗುತ್ತಿಗೆ ರದ್ದಾಗಿ, ಉಳಿದ ಕೆಲಸ ಬೇರೆಯವರ ಪಾಲಾಯಿತು. ಎಜಿ-ಡಿಎಂಎಸ್‌ನಿಂದ ವಾಷರ್‌ಮನ್‌ಪೇಟೆಗೆ ರೈಲು ಓಡಿದ್ದು 2019ರ ಫೆಬ್ರವರಿಯಲ್ಲಿ. ಅಲ್ಲಿ ದರವೇ ಕಾರಣ ಎಂದು ನಾನು ಹೇಳುತ್ತಿಲ್ಲ. ನಡುದಾರಿಯಲ್ಲಿ ಕಂಟ್ರಾಕ್ಟರ್ ಬದಲಾದರೆ ಕಳೆದ ವರ್ಷಗಳು ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ, ಅಷ್ಟೇ.

ವರ್ಷಗಳು ಹೋದರೆ ಹೋಗಲಿ, ಜೀವ? ಮೌಲಿವಾಕ್ಕಂನಲ್ಲಿ 2014ರ ಜೂನ್ 28ರಂದು ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಕುಸಿದು 61 ಜನ ಸತ್ತರು. ಪಕ್ಕದ ಜೋಡಿ ಕಟ್ಟಡವನ್ನು 2016ರ ನವೆಂಬರ್‌ನಲ್ಲಿ ಸಿಡಿಮದ್ದಿಟ್ಟು ಕೆಡವಬೇಕಾಯಿತು. ನಮ್ಮ ವೇಲಚೇರಿಯದೇ ಕತೆ ನೋಡಿ. 2023ರ ಡಿಸೆಂಬರ್ 4, ಮಿಚಾಂಗ್ ಚಂಡಮಾರುತದ ದಿನ, ಫೈವ್ ಫರ್ಲಾಂಗ್ ರೋಡಿನಲ್ಲಿ ಕಟ್ಟಡಕ್ಕೆಂದು ತೋಡಿದ್ದ ಸುಮಾರು 50 ಅಡಿ ಗುಂಡಿಯ ಅಂಚು ಕುಸಿದು ಇಬ್ಬರು ಒಳಗೆ ಸಿಕ್ಕಿಬಿದ್ದರು. ದಿನಗಟ್ಟಲೆ ನೀರು ಹೊರಹಾಕಿದ ಮೇಲೆ ಸಿಕ್ಕಿದ್ದು ಹೆಣಗಳು. ತಪ್ಪು ಯಾರದು ಅನ್ನೋದು ಕೋರ್ಟಿನ ವಿಷಯ. ಆದರೆ ಜವುಗು ನೆಲದ ಈ ಊರಿನಲ್ಲಿ, ಮಳೆಗಾಲದಲ್ಲಿ ಗುಂಡಿಯ ಅಂಚಿಗೆ ಆಸರೆ ಕೊಡುವುದು, ಬೇಕಾದರೆ ಕೆಲಸ ನಿಲ್ಲಿಸಿ ಜನರನ್ನು ದೂರ ಕಳಿಸುವುದು, ಇದಕ್ಕೆಲ್ಲ ಖರ್ಚಿದೆ. ತುಂಬಾ ಕಮ್ಮಿ ಹೇಳಿದವನು ಮೊದಲು ಕತ್ತರಿ ಹಾಕುವುದು ಇಂಥ ಕಣ್ಣಿಗೆ ಕಾಣದ ಖರ್ಚಿಗೇ.

ಹಾಗಾದರೆ ಹೇಗೆ ಆರಿಸಬೇಕು? ಸಾಲ ಕೊಡುವವನ ಹಾಗೆ ಆರಿಸಿ ಅನ್ನುವುದು ನನ್ನ ವಾದ. ಅವನ ಕೈಯಲ್ಲಿ ಈಗ ಎಷ್ಟು ಕೆಲಸ ಇದೆ? ನಮ್ಮ ಅಡ್ವಾನ್ಸಿನಿಂದ ಇನ್ನೊಬ್ಬರ ಬಾಕಿ ತೀರಿಸುವ ಗಿರಾಕಿಯೇ? ಕಂಬಿ-ಸಿಮೆಂಟು ಅಂಗಡಿಯವನನ್ನು ಕೇಳಿ, ಅವನಿಗೆ ಗೊತ್ತಿರುವಷ್ಟು ಯಾವ ಬ್ಯಾಲೆನ್ಸ್ ಶೀಟಿಗೂ ಗೊತ್ತಿರುವುದಿಲ್ಲ. ಅವನು ಐದು ವರ್ಷದ ಹಿಂದೆ ಮುಗಿಸಿದ ಕಟ್ಟಡಕ್ಕೆ ಮಳೆ ಬಂದ ಮರುದಿನ ಹೋಗಿ ನೋಡಿ. ಕೆಲಸಗಾರರಿಗೆ ಬಟವಾಡೆ ಯಾವ ದಿನ ಅಂತ ಮೇಸ್ತ್ರಿಯನ್ನು ಕೇಳಿ. ಅಡ್ವಾನ್ಸ್ ಕಡಿಮೆ ಇಟ್ಟು, ಆದ ಕೆಲಸಕ್ಕೆ ಬಿಲ್ಲು ಕೊಡಿ. ಒಂದಿಷ್ಟು ಹಣ ಒಂದು ಮಳೆಗಾಲ ಕಳೆಯುವವರೆಗೆ ಕೈಯಲ್ಲಿಟ್ಟುಕೊಳ್ಳಿ.

“ಗುಣಮಟ್ಟ ಅಂತ ಹೇಳಿ ಸೆಕ್ರೆಟರಿ ತನ್ನ ಭಾವಮೈದನಿಗೆ ಕೊಟ್ಟರೆ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಮದ್ದು ಒಂದೇ. ಕೊಟೇಶನ್ ಕವರ್ ಒಡೆಯುವ ಮೊದಲೇ ಅರ್ಹತೆ ಏನು ಅಂತ ಬರೆದು ನೋಟೀಸ್ ಬೋರ್ಡಿಗೆ ಹಾಕಬೇಕು. ಅದರಲ್ಲಿ ಪಾಸಾದವರ ನಡುವೆ ಮಾತ್ರ ‘ಯಾರು ಕಮ್ಮಿ’ ಅಂತ ನೋಡಬೇಕು. ದರ ಕೊನೆಯ ಪ್ರಶ್ನೆಯಾಗಲಿ, ಮೊದಲನೆಯದು ಬೇಡ.

ಈಗ ಯಾಕೆ ಇದೆಲ್ಲ ನೆನಪಾಯಿತು ಅಂದರೆ, ನಮ್ಮ ಕಟ್ಟಡಕ್ಕೆ 30 ವರ್ಷ ದಾಟಿದೆ. 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ತಮಿಳುನಾಡಿನ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪ್ರಕಾರ ಮೂರರಲ್ಲಿ ಎರಡು ಪಾಲು ಮಾಲೀಕರು ಒಪ್ಪಿದರೆ ಕೆಡವಿ ಹೊಸದು ಕಟ್ಟಬಹುದು. ಬಿಲ್ಡರುಗಳು ಬರಲಿಕ್ಕೆ ಶುರುವಾಗಿದ್ದಾರೆ. ಈ ಸಲದ ಪ್ರಶ್ನೆ ‘ಯಾರ್ ಸಾರ್ ಜಾಸ್ತಿ’, ಅಂದರೆ ಯಾರು ಹೆಚ್ಚು ಚದರಡಿ ಕೊಡುತ್ತಾರೆ ಅಂತ! ಅದೇ ಕಾಯಿಲೆ, ಮಗ್ಗಲು ಮಾತ್ರ ಬೇರೆ. ಸಹಿ ಹಾಕುವವನು ಬಿಲ್ಡರ್. ಅವನ ಹಿಂದೆ ನಿಜವಾಗಿ ಕಟ್ಟುವ ಕಂಟ್ರಾಕ್ಟರ್ ಯಾರು ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ಮುಂದಿನ ಭಾನುವಾರ ಮೀಟಿಂಗ್. ಈ ಸಲ ಕಾಫಿ ಬರುವ ಮೊದಲು ನಾನೇ ಕೇಳುತ್ತೇನೆ. 2019ರ ಲೆಕ್ಕದ ಪುಸ್ತಕವನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತೇನೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರು ಕೇಳುತ್ತಾರೆ?